ಹೆಡ್‌ಫೋನ್‌ಗೆ ಕೈಚಾಚಿದ ಕ್ಷಣ: ಕಜಕಿಸ್ತಾನದಲ್ಲಿ ರಷ್ಯನ್ ಭಾಷೆಯ ಒಂದು ಪ್ರಕರಣ

2023ರ ನವೆಂಬರ್ 9ರಂದು ವ್ಲಾದಿಮಿರ್ ಪುಟಿನ್ ಕಜಕಿಸ್ತಾನದ ರಾಜಧಾನಿ ಅಸ್ತಾನಾದಲ್ಲಿದ್ದರು. ಅಧ್ಯಕ್ಷ ಕಾಸಿಮ್-ಜೊಮಾರ್ತ್ ಟೊಕಾಯೆವ್ ಅತಿಥಿಗಳ ಮುಂದೆ ಮಾತು ಶುರು ಮಾಡಿದ್ದು ಕಜಕ್ ಭಾಷೆಯಲ್ಲಿ. ರಷ್ಯಾದ ನಿಯೋಗದವರಿಗೆ ಇದು ನಿರೀಕ್ಷೆಯಲ್ಲೇ ಇರಲಿಲ್ಲ. ಒಬ್ಬೊಬ್ಬರಾಗಿ ಅನುವಾದದ ಹೆಡ್‌ಫೋನ್‌ಗೆ ಕೈಚಾಚಿ ಕಿವಿಗೇರಿಸಿಕೊಂಡರು. ಸ್ವಲ್ಪ ಹೊತ್ತಿಗೆ ಟೊಕಾಯೆವ್ ರಷ್ಯನ್‌ಗೆ ಹೊರಳಿದರು, ಸಭೆ ಎಂದಿನಂತೆ ಮುಂದುವರಿಯಿತು. ಆದರೆ ಆ ತಡಕಾಟದ ವಿಡಿಯೊ ಮಾತ್ರ ಮಧ್ಯ ಏಷ್ಯಾದ ಮೊಬೈಲುಗಳಲ್ಲೆಲ್ಲ ಓಡಾಡಿತು.

ಟೊಕಾಯೆವ್ ಅವರಿಗೆ ರಷ್ಯನ್ ಬಾರದ ಭಾಷೆಯಲ್ಲ. 1975ರಲ್ಲಿ ಮಾಸ್ಕೋದ ಅಂತರರಾಷ್ಟ್ರೀಯ ಸಂಬಂಧಗಳ ಸಂಸ್ಥೆಯಿಂದ ಪದವಿ ಪಡೆದು, ಸೋವಿಯತ್ ರಾಜತಾಂತ್ರಿಕರಾಗಿ ಸಿಂಗಪುರ, ಬೀಜಿಂಗ್‌ನಲ್ಲಿ ಕೆಲಸ ಮಾಡಿದವರು ಅವರು. ಇನ್ನೂ ಕುತೂಹಲದ ಸಂಗತಿಯೆಂದರೆ, ಈ ಘಟನೆಗೆ ತಿಂಗಳು ತುಂಬುವ ಮೊದಲು, ಅಕ್ಟೋಬರ್ 13ರಂದು ಬಿಷ್ಕೆಕ್‌ನಲ್ಲಿ ಸೇರಿದ್ದ ಹಳೆಯ ಸೋವಿಯತ್ ದೇಶಗಳ ನಾಯಕರು ರಷ್ಯನ್ ಭಾಷೆಗಾಗಿ ಒಂದು ಅಂತರರಾಷ್ಟ್ರೀಯ ಸಂಘಟನೆ ಕಟ್ಟುವ ಒಪ್ಪಂದಕ್ಕೆ ಸಹಿ ಹಾಕಿದ್ದರು. ಅದರ ಪ್ರಸ್ತಾವ ಮಾಸ್ಕೋದ್ದಲ್ಲ. 2022ರ ಅಕ್ಟೋಬರ್‌ನಲ್ಲಿ ಅದನ್ನು ಮುಂದಿಟ್ಟವರು ಇದೇ ಟೊಕಾಯೆವ್.

ರಷ್ಯನ್ ಭಾಷೆಗೆ ಜಾಗತಿಕ ಸಂಘಟನೆ ಬೇಕು ಎಂದವರೇ ರಷ್ಯಾದ ಅಧ್ಯಕ್ಷರೆದುರು ಕಜಕ್‌ನಲ್ಲಿ ಮಾತು ತೆಗೆದರು. ಮೇಲುನೋಟಕ್ಕೆ ಒಂದಕ್ಕೊಂದು ಹೊಂದುವುದಿಲ್ಲ. ನನ್ನ ಮಟ್ಟಿಗೆ ಇವೆರಡೂ ಒಂದೇ ನೀತಿಯ ಎರಡು ತುದಿಗಳು. ಅದನ್ನು ಬಿಡಿಸಿ ನೋಡುವುದೇ ಈ ಬರಹದ ಕೆಲಸ.

ಭಾಷೆ ಬೇರೂರಿದ್ದು ಹೇಗೆ

ಈ ಕಥೆಯ ಮೊದಲ ಅಧ್ಯಾಯ ಹಸಿವಿನದು. 1930ರಿಂದ 33ರವರೆಗೆ, ಬಲವಂತದ ಸಾಮೂಹಿಕ ಕೃಷಿಯ ಹೆಸರಿನಲ್ಲಿ ಅಲೆಮಾರಿ ಪಶುಪಾಲಕರ ಕುರಿ-ಕುದುರೆಗಳನ್ನು ಕಿತ್ತುಕೊಂಡಾಗ, ಸುಮಾರು 15 ಲಕ್ಷ ಜನ ಸತ್ತರು. ಅವರಲ್ಲಿ ಹೆಚ್ಚಿನವರು ಕಜಕರು. ಲಕ್ಷಾಂತರ ಮಂದಿ ಗಡಿ ದಾಟಿ ಚೀನಾಕ್ಕೂ ಬೇರೆಡೆಗೂ ಓಡಿದರು. ಹುಲ್ಲುಗಾವಲು ಖಾಲಿಯಾಯಿತು.

ಖಾಲಿಯಾದ ಜಾಗಕ್ಕೆ ಸ್ಟಾಲಿನ್ ಜನರನ್ನು ತಂದು ಸುರಿದರು. 1937ರಲ್ಲಿ ದೂರಪ್ರಾಚ್ಯದ ಕೊರಿಯನ್ನರು, 1941ರಲ್ಲಿ ವೋಲ್ಗಾ ತೀರದ ಜರ್ಮನ್ನರು, 1944ರಲ್ಲಿ ಚೆಚೆನ್ನರು. 1954ರಿಂದ ಕ್ರುಶ್ಚೆವ್ ಅವರ ಬೀಳುಭೂಮಿ ಅಭಿಯಾನ ಶುರುವಾಯಿತು. ಗೋಧಿ ಬೆಳೆಯಲು ರಷ್ಯಾ, ಉಕ್ರೇನ್, ಬೆಲರೂಸ್‌ಗಳಿಂದ ಜನ ರೈಲು ತುಂಬಿಕೊಂಡು ಬಂದರು. 1959ರ ಜನಗಣತಿಯಲ್ಲಿ ಕಜಕರು ತಮ್ಮದೇ ಗಣರಾಜ್ಯದಲ್ಲಿ ಶೇ. 30ಕ್ಕೆ ಇಳಿದಿದ್ದರು, ರಷ್ಯನ್ನರು ಶೇ. 42 ದಾಟಿದ್ದರು.

ಒಂದೇ ಬೀದಿಯಲ್ಲಿ ಕೊರಿಯನ್, ಜರ್ಮನ್, ಚೆಚೆನ್, ಉಕ್ರೇನಿಯನ್, ಕಜಕ್ ಮನೆಗಳು. ಮಕ್ಕಳು ಆಡುವಾಗ ಯಾವ ಭಾಷೆ? ರಷ್ಯನ್. ಹೀಗಾಗಿ ರಷ್ಯನ್ ಇಲ್ಲಿ ಬರೀ ಆಳುವವರ ಭಾಷೆಯಾಗಿ ಉಳಿಯಲಿಲ್ಲ, ಊರು ಕಳೆದುಕೊಂಡವರೆಲ್ಲರ ನಡುವಿನ ಭಾಷೆಯೂ ಆಯಿತು. ಇದನ್ನು ಮರೆತು ‘ವಸಾಹತು ಭಾಷೆ’ ಎಂದು ಒಂದೇ ಪದದಲ್ಲಿ ಮುಗಿಸಿಬಿಟ್ಟರೆ ಮುಂದಿನದು ಅರ್ಥವಾಗುವುದಿಲ್ಲ.

ಬೆಲೆ ತೆತ್ತದ್ದು ಕಜಕ್. ಸೋವಿಯತ್ ಕಾಲದ ಕೊನೆಗೆ ಅಂದಿನ ರಾಜಧಾನಿ ಅಲ್ಮಾ-ಅತಾದಲ್ಲಿ ಕಜಕ್ ಮಾಧ್ಯಮದ ಶಾಲೆಗಳು ಬೆರಳೆಣಿಕೆಯಷ್ಟಿದ್ದವು. ಓದಿದ, ನೌಕರಿ ಹಿಡಿದ, ನಗರ ಸೇರಿದ ಕಜಕ ಮನೆಯಲ್ಲೂ ರಷ್ಯನ್ ಆಡತೊಡಗಿದ. ಹಳ್ಳಿಯವರು ಅಂಥವರನ್ನು ‘ಶಾಲಾ ಕಜಕ್’ ಎಂದು ಆಡಿಕೊಂಡರು. ಶಾಲಾ ಎಂದರೆ ಅರೆಬರೆ, ನಮ್ಮ ಶಾಲೆಗೂ ಅದಕ್ಕೂ ನಂಟಿಲ್ಲ. ಇನ್ನೂ ಕಟುವಾದ ಬೈಗುಳವೊಂದಿದೆ: ‘ಮಾನ್‌ಕುರ್ತ್’, ನೆನಪು ಕಿತ್ತುಕೊಂಡ ಗುಲಾಮ. ಆ ಪದವನ್ನು ನಾಡಿನ ನಾಲಿಗೆಗೆ ತಂದದ್ದು ಕಿರ್ಗಿಜ್ ಲೇಖಕ ಚಿಂಗೀಜ್ ಐತ್ಮಾತೊವ್ 1980ರಲ್ಲಿ ಬರೆದ ಒಂದು ಕಾದಂಬರಿ. ಅವರು ಅದನ್ನು ಬರೆದದ್ದು ರಷ್ಯನ್‌ನಲ್ಲಿ. ಭಾಷೆ ಕಳೆದುಕೊಂಡವನನ್ನು ಜರಿಯುವ ಪದವೂ ಆ ಭಾಷೆಯ ಮೂಲಕವೇ ಬರಬೇಕಾಯಿತು.

ನಮ್ಮ ಕಡೆಯ ಒಂದು ಎಳೆ ಇಲ್ಲಿ ಬಂದು ಸೇರುತ್ತದೆ. ಬೆಂಗಳೂರಿನ ಇಸ್ರೋ ಕೇಂದ್ರದಲ್ಲಿ ಸಿದ್ಧವಾದ ಐಆರ್‌ಎಸ್-1ಎ ದೂರಸಂವೇದಿ ಉಪಗ್ರಹ 1988ರ ಮಾರ್ಚ್ 17ರಂದು ಹಾರಿದ್ದು ಬೈಕನೂರಿನಿಂದ. ಅದಕ್ಕೂ ನಾಲ್ಕು ವರ್ಷ ಮೊದಲು ರಾಕೇಶ್ ಶರ್ಮಾ ಹೊರಟದ್ದೂ ಅಲ್ಲಿಂದಲೇ. ಎರಡನ್ನೂ ನಾವು ‘ರಷ್ಯಾದಿಂದ’ ಎಂದೇ ಹೇಳಿಕೊಂಡು ಬಂದಿದ್ದೇವೆ. ಬೈಕನೂರು ಇರುವುದು ಕಜಕಿಸ್ತಾನದಲ್ಲಿ. ಇವತ್ತಿಗೂ ರಷ್ಯಾ ವರ್ಷಕ್ಕೆ 11.5 ಕೋಟಿ ಡಾಲರ್ ಕೊಟ್ಟು ಅದನ್ನು 2050ರವರೆಗೆ ಗುತ್ತಿಗೆ ಹಿಡಿದಿದೆ. ಆ ಊರಿನಲ್ಲಿ ರೂಬಲ್ ಓಡುತ್ತದೆ.

7ನೇ ವಿಧಿಯ ಜಾಣತನ

1991ರಲ್ಲಿ ದೇಶ ಸ್ವತಂತ್ರವಾದಾಗ ಕಜಕರು ಅರ್ಧಕ್ಕಿಂತ ಕಡಿಮೆ. 1989ರ ಗಣತಿಯಂತೆ ಕಜಕರು ಶೇ. 40ರ ಹತ್ತಿರ, ರಷ್ಯನ್ನರು ಶೇ. 38ರ ಹತ್ತಿರ. ಉತ್ತರಕ್ಕೆ ರಷ್ಯಾದ ಜತೆ ಸುಮಾರು 7,600 ಕಿಲೋಮೀಟರ್ ಗಡಿ. ಅದರುದ್ದಕ್ಕೂ ರಷ್ಯನ್ ಮಾತಾಡುವ ಊರುಗಳು. ಅಂದಿನ ಅಧ್ಯಕ್ಷ ನೂರ್‌ಸುಲ್ತಾನ್ ನಜರ್‌ಬಯೇವ್ 1997ರಲ್ಲಿ ರಾಜಧಾನಿಯನ್ನು ದಕ್ಷಿಣದ ಅಲ್ಮಾಟಿಯಿಂದ (ಅಲ್ಮಾ-ಅತಾದ ಈಗಿನ ಹೆಸರು) ಎಬ್ಬಿಸಿ ಗಾಳಿ ಬೀಸುವ ಹುಲ್ಲುಗಾವಲಿನ ನಡುವೆ, ಇಂದಿನ ಅಸ್ತಾನಾ ಆದ ಹಳೆಯ ತ್ಸೆಲಿನೊಗ್ರಾದ್‌ಗೆ ಒಯ್ದದ್ದಕ್ಕೆ ಭೂಕಂಪದ ಭಯ, ಜಾಗದ ಅಭಾವ ಎಂದು ಕಾರಣ ಕೊಟ್ಟರು. ಉತ್ತರವನ್ನು ಕೈಜಾರದಂತೆ ಹಿಡಿದಿಟ್ಟುಕೊಳ್ಳುವ ಲೆಕ್ಕವೂ ಇತ್ತೆಂದು ಬಹುಪಾಲು ವೀಕ್ಷಕರು ಓದಿದರು. ನನಗೂ ಹಾಗೇ ಕಾಣುತ್ತದೆ.

1995ರ ಸಂವಿಧಾನದ 7ನೇ ವಿಧಿ ಓದಬೇಕಾದ ಬರವಣಿಗೆ. ಕಜಕ್ ರಾಜ್ಯಭಾಷೆ ಎಂದು ಮೊದಲ ಸಾಲು. ಸರ್ಕಾರಿ ಸಂಸ್ಥೆಗಳಲ್ಲಿ, ಸ್ಥಳೀಯ ಆಡಳಿತದಲ್ಲಿ ರಷ್ಯನ್ ‘ಕಜಕ್‌ಗೆ ಸರಿಸಮಾನವಾಗಿ ಅಧಿಕೃತವಾಗಿ ಬಳಕೆಯಾಗುತ್ತದೆ’ ಎಂದು ಎರಡನೆಯದು. ರಷ್ಯನ್‌ಗೆ ಇಲ್ಲಿ ಸ್ಥಾನಮಾನದ ಹೆಸರಿಲ್ಲ, ಬಳಕೆ ಮಾತ್ರ ಇದೆ. ರಾಜ್ಯಭಾಷೆಯೂ ಅಲ್ಲ, ‘ಅಧಿಕೃತ ಭಾಷೆ’ ಎಂಬ ನಾಮಪದವೂ ಇಲ್ಲ. ರಷ್ಯನ್ನರಿಗೆ ‘ಸರಿಸಮಾನ’ ಎಂಬ ಪದ ತೋರಿಸಬಹುದು, ಕಜಕ್ ರಾಷ್ಟ್ರವಾದಿಗಳಿಗೆ ಮೊದಲ ಸಾಲು ತೋರಿಸಬಹುದು. ಇದರ ಜತೆಗೆ ಅಧ್ಯಕ್ಷ ಪದವಿಗೆ ನಿಲ್ಲುವವರಿಗೆ ಕಜಕ್ ನಿರರ್ಗಳವಾಗಿ ಬರಬೇಕೆಂಬ ಷರತ್ತು. ಅದಕ್ಕೊಂದು ಪರೀಕ್ಷೆ. 2011ರ ಚುನಾವಣೆಯಲ್ಲಿ ಹಲವು ಆಕಾಂಕ್ಷಿಗಳು ಆ ಪರೀಕ್ಷೆಯಲ್ಲೇ ಉದುರಿಹೋದರು. ಭಾಷಾಪ್ರೇಮಕ್ಕೂ ಪ್ರತಿಸ್ಪರ್ಧಿಗಳನ್ನು ಸೋಸುವುದಕ್ಕೂ ಒಂದೇ ಜರಡಿ!

ಇಷ್ಟು ಮಾಡಿ ಸರ್ಕಾರ ಸುಮ್ಮನೆ ಕೂತಿತು. ಸುಮ್ಮನಿರುವುದಕ್ಕೂ ಲೆಕ್ಕಾಚಾರ ಬೇಕು. ಮಾಡಬೇಕಾದದ್ದನ್ನು ತೊಟ್ಟಿಲು ಮಾಡುತ್ತಿತ್ತು. 90ರ ದಶಕದಲ್ಲಿ ರಷ್ಯನ್ನರು, ಜರ್ಮನ್ನರು ದೊಡ್ಡ ಸಂಖ್ಯೆಯಲ್ಲಿ ಹೊರಟುಹೋದರು. ಕಜಕ್ ಮನೆಗಳಲ್ಲಿ ಮಕ್ಕಳು ಹೆಚ್ಚು. ಚೀನಾ, ಮಂಗೋಲಿಯಾ, ಉಜ್ಬೇಕಿಸ್ತಾನಗಳಿಂದ ‘ಕಂದಾಸ್’, ಅಂದರೆ ರಕ್ತಸಂಬಂಧಿಗಳು ಎಂಬ ಹೆಸರಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಕಜಕರು ಮರಳಿ ಬಂದರು. 2021ರ ಗಣತಿ ಬರುವ ಹೊತ್ತಿಗೆ ಕಜಕರು ಶೇ. 70 ದಾಟಿದ್ದರು, ರಷ್ಯನ್ನರು ಶೇ. 15.5. ಸಂಖ್ಯೆಯಲ್ಲಿ ಹೇಳುವುದಾದರೆ 62 ಲಕ್ಷ ಇದ್ದವರು 30 ಲಕ್ಷದ ಸುತ್ತಮುತ್ತ.

ಆದರೂ 2009ರ ಗಣತಿಯಲ್ಲಿ ಶೇ. 94 ಜನ ರಷ್ಯನ್ ಮಾತು ಅರ್ಥವಾಗುತ್ತದೆ ಎಂದಿದ್ದರು. ರಷ್ಯನ್ನರು ಕಡಿಮೆಯಾದರೂ ರಷ್ಯನ್ ಭಾಷೆ ಅಷ್ಟೇ ವೇಗದಲ್ಲಿ ಕಡಿಮೆಯಾಗಲಿಲ್ಲ. ಈ ಅಂತರವೇ ಭೂರಾಜಕೀಯಕ್ಕೆ ಜಾಗ ಕೊಡುವುದು.

ಭಾಷೆಯನ್ನು ಕಾಯಲು ಬರುವವರು

ಮಾಸ್ಕೋ 2007ರಲ್ಲಿ ‘ರೂಸ್ಕಿ ಮೀರ್’, ಅಂದರೆ ರಷ್ಯನ್ ಜಗತ್ತು ಎಂಬ ಪ್ರತಿಷ್ಠಾನ ಕಟ್ಟಿತು. ಪಾಠ, ಗ್ರಂಥಾಲಯ, ವಿದ್ಯಾರ್ಥಿವೇತನ ಅದರ ಕೆಲಸ. ಹೊರದೇಶದಲ್ಲಿ ಭಾಷೆ ಕಲಿಸುವ ಸಂಸ್ಥೆ ಎಲ್ಲ ದೊಡ್ಡ ದೇಶಗಳಿಗೂ ಇದೆ, ಅದರಲ್ಲೇನೂ ತಪ್ಪಿಲ್ಲ. ತೊಡಕು ಶುರುವಾದದ್ದು ಭಾಷೆ ಆಡುವವನೇ ‘ನಮ್ಮವನು’, ನಮ್ಮವನನ್ನು ಕಾಯುವ ಹಕ್ಕು ನಮಗಿದೆ ಎಂಬ ತರ್ಕ ಅದರ ಬೆನ್ನಿಗೆ ಬಂದಾಗ.

2014ರ ಫೆಬ್ರುವರಿ 23ರಂದು ಉಕ್ರೇನ್ ಸಂಸತ್ತು, ರಷ್ಯನ್‌ಗೆ ಪ್ರಾದೇಶಿಕ ಸ್ಥಾನ ಕೊಟ್ಟಿದ್ದ 2012ರ ಕಾನೂನನ್ನು ರದ್ದು ಮಾಡಲು ಮತ ಹಾಕಿತು. ಹಂಗಾಮಿ ಅಧ್ಯಕ್ಷರು ಸಹಿ ಹಾಕಲಿಲ್ಲ, ರದ್ದತಿ ಆಗ ಜಾರಿಗೇ ಬರಲಿಲ್ಲ. ಆದರೆ ಕ್ರೈಮಿಯಾ, ದೊನ್‌ಬಾಸ್ ಬಗ್ಗೆ ಮಾಸ್ಕೋ ಆಡಿದ ಮಾತುಗಳಲ್ಲಿ ಆ ಮತದಾನ ಒಂದು ನೆಪವಾಗಿ ಬಹುಕಾಲ ಬಾಳಿತು. 2022ರಲ್ಲಿ ಯುದ್ಧ ಶುರುವಾದಾಗ ಕಾಪಾಡಲು ಬಂದವರ ಶೆಲ್‌ಗಳು ಮೊದಮೊದಲು ಬಿದ್ದದ್ದು ಬಹುತೇಕ ರಷ್ಯನ್ ಮಾತಾಡುವ ಖಾರ್ಕಿವ್‌ನಂಥ ನಗರಗಳ ಮೇಲೆ. ಮಾರ್ಚ್ 1ರಂದು ಅಲ್ಲಿ ಕರ್ನಾಟಕದ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಪ್ರಾಣ ಕಳೆದುಕೊಂಡ ಸುದ್ದಿ ನಮ್ಮೂರುಗಳಲ್ಲಿ ಇನ್ನೂ ಹಸಿಯಾಗಿದೆ.

ಅಸ್ತಾನಾ ಈ ಪಾಠವನ್ನು ಅಕ್ಷರ ಬಿಡದೆ ಓದಿಕೊಂಡಿತು. 2014ರ ಆಗಸ್ಟ್‌ನಲ್ಲೇ ಪುಟಿನ್ ಯುವ ಶಿಬಿರವೊಂದರಲ್ಲಿ, ನಜರ್‌ಬಯೇವ್‌ಗೆ ಮೊದಲು ಕಜಕರಿಗೆ ರಾಜ್ಯವೆಂಬುದೇ ಇರಲಿಲ್ಲ ಎಂಬರ್ಥದ ಮಾತಾಡಿದ್ದರು. ಹೊಗಳಿಕೆಯ ಧಾಟಿಯಲ್ಲಿ ಆಡಿದ ಮಾತು. ಅಸ್ತಾನಾ ಜಗಳಕ್ಕೆ ಹೋಗಲಿಲ್ಲ, ಮರುವರ್ಷ ಕಜಕ್ ಖಾನರ ರಾಜ್ಯಕ್ಕೆ 550 ವರ್ಷ ತುಂಬಿತೆಂದು ಅದ್ಧೂರಿ ಉತ್ಸವ ಮಾಡಿತು. 2020ರ ಡಿಸೆಂಬರ್‌ನಲ್ಲಿ ರಷ್ಯಾದ ಸಂಸದ ವ್ಯಾಚೆಸ್ಲಾವ್ ನಿಕೊನೊವ್, ಕಜಕಿಸ್ತಾನದ ನೆಲ ರಷ್ಯಾ ಕೊಟ್ಟ ದೊಡ್ಡ ಉಡುಗೊರೆ ಎಂದರು. ಮುಂದಿನ ತಿಂಗಳು ಟೊಕಾಯೆವ್ ಪತ್ರಿಕೆಯಲ್ಲಿ ದೀರ್ಘ ಲೇಖನ ಬರೆದು, ಈ ನೆಲವನ್ನು ಹೊರಗಿನವರಾರೂ ನಮಗೆ ಉಡುಗೊರೆ ಕೊಟ್ಟದ್ದಲ್ಲ ಎಂದು ಉತ್ತರಿಸಿದರು.

2021ರಲ್ಲಿ ‘ಭಾಷಾ ಗಸ್ತು’ ಗಲಾಟೆ. ಕೆಲವು ಯುವಕರು ಕ್ಯಾಮೆರಾ ಹಿಡಿದು ಅಂಗಡಿಗಳಿಗೆ ನುಗ್ಗಿ, ಕಜಕ್‌ನಲ್ಲಿ ಯಾಕೆ ಮಾತಾಡುವುದಿಲ್ಲ ಎಂದು ಮಾರಾಟಗಾರರನ್ನು ಗದರಿಸಿ, ಕ್ಷಮೆ ಕೇಳಿಸಿ, ವಿಡಿಯೊ ಹಾಕುತ್ತಿದ್ದರು. ರಷ್ಯಾದ ವಿದೇಶಾಂಗ ಸಚಿವ ಲಾವ್ರೊವ್ ಲೇಖನ ಬರೆದು ಆಕ್ಷೇಪಿಸುವವರೆಗೆ ಅದು ಬೆಳೆಯಿತು. ಕಜಕಿಸ್ತಾನ ಸರ್ಕಾರ ಗಸ್ತಿನವರ ಪರ ನಿಲ್ಲಲಿಲ್ಲ, ಅವರ ಮೇಲೆಯೇ ಕ್ರಮಕ್ಕೆ ಮುಂದಾಯಿತು. ಭಾಷಾಭಿಮಾನಿಗಳಿಗೆ ಇದು ದ್ರೋಹವಾಗಿ ಕಂಡಿರಬಹುದು. ನೆರೆಯವನು ನೆಪ ಹುಡುಕುತ್ತಿರುವಾಗ ಅಂಗಳದಲ್ಲಿ ಕಟ್ಟಿಗೆ ರಾಶಿ ಹಾಕಬಾರದೆಂಬ ಎಚ್ಚರ ಅದರ ಹಿಂದಿತ್ತು.

2022: ಒಂದೇ ವರ್ಷದಲ್ಲಿ ಎಲ್ಲವೂ

ಜನವರಿಯಲ್ಲಿ ಜನಾವೊಜೆನ್ ಪಟ್ಟಣದಲ್ಲಿ ವಾಹನದ ಅನಿಲದ ಬೆಲೆಗಾಗಿ ಶುರುವಾದ ಪ್ರತಿಭಟನೆ ಅಲ್ಮಾಟಿಯಲ್ಲಿ ರಕ್ತಪಾತವಾಗಿ, ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಟೊಕಾಯೆವ್ ಕರೆದಾಗ ರಷ್ಯಾ ನೇತೃತ್ವದ ಪಡೆ ಬಂತು, ಎರಡು ವಾರದೊಳಗೆ ಹಿಂತಿರುಗಿತು. ಫೆಬ್ರುವರಿಯಲ್ಲಿ ಯುದ್ಧ. ಉಪಕಾರ ತೀರಿಸುವ ಹೊತ್ತು ಇದೆಂದು ಎಲ್ಲರೂ ಅಂದುಕೊಂಡರು. ಜೂನ್‌ನಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ವೇದಿಕೆಯಲ್ಲಿ, ಪುಟಿನ್ ಪಕ್ಕದಲ್ಲೇ ಕೂತು, ಪೂರ್ವ ಉಕ್ರೇನಿನ ದೊನೆತ್ಸ್ಕ್ ಮತ್ತು ಲುಹಾನ್ಸ್ಕ್‌ಗಳನ್ನು ‘ಅರೆರಾಜ್ಯ’ಗಳೆಂದು ಕರೆದ ಟೊಕಾಯೆವ್ ಅವಕ್ಕೆ ಮಾನ್ಯತೆ ಕೊಡುವುದಿಲ್ಲ ಎಂದರು. ಅದನ್ನು ಹೇಳಿದ್ದು ಸ್ಪಷ್ಟ ರಷ್ಯನ್‌ನಲ್ಲಿ.

ಜುಲೈ ಮೊದಲ ವಾರ ರಷ್ಯಾದ ನೊವೊರೊಸ್ಸಿಸ್ಕ್‌ನ ನ್ಯಾಯಾಲಯವೊಂದು, ಕಜಕಿಸ್ತಾನದ ರಫ್ತು ತೈಲದ ಬಹುಪಾಲು ಹರಿಯುವ ಕ್ಯಾಸ್ಪಿಯನ್ ಕೊಳವೆಮಾರ್ಗವನ್ನು ಪರಿಸರ ನಿಯಮದ ಹೆಸರಿನಲ್ಲಿ 30 ದಿನ ಮುಚ್ಚಲು ಆದೇಶಿಸಿತು. ಟೊಕಾಯೆವ್ ಯುರೋಪಿಗೆ ಇಂಧನ ಕೊಟ್ಟು ನೆರವಾಗುವ ಮಾತಾಡಿದ ಬೆನ್ನಲ್ಲೇ ಬಂದ ಆದೇಶ. ಮೇಲ್ಮನವಿಯಲ್ಲಿ ಅದು 2 ಲಕ್ಷ ರೂಬಲ್ ದಂಡಕ್ಕೆ ಇಳಿಯಿತು. ದೇಶದ ಕತ್ತಿನ ನರ ಎಲ್ಲಿದೆ ಎಂದು ತೋರಿಸಲು ಅಷ್ಟು ಸಾಕಿತ್ತು.

ಸೆಪ್ಟೆಂಬರ್ 21ರಂದು ಪುಟಿನ್ ಸೇನಾ ಭರ್ತಿ ಘೋಷಿಸಿದಾಗ ಗಡಿಯ ಇನ್ನೊಂದು ಮುಖ ಕಂಡಿತು. ಎರಡು ವಾರದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ರಷ್ಯನ್ ಪ್ರಜೆಗಳು ಕಜಕಿಸ್ತಾನಕ್ಕೆ ಬಂದರು. ವೀಸಾ ಬೇಡ, ಭಾಷೆಯ ತೊಂದರೆಯಿಲ್ಲ. ‘ರೂಸ್ಕಿ ಮೀರ್’ ಕಾಪಾಡಲು ಹೊರಟ ಭಾಷೆಯೇ ಅದರಿಂದ ಓಡಿ ಬಂದವರಿಗೆ ಆಸರೆಯಾಯಿತು. ನಿರುಪಾಯರಾಗಿ ಬಂದಿದ್ದಾರೆ, ನೋಡಿಕೊಳ್ಳಬೇಕು ಎಂದರು ಟೊಕಾಯೆವ್. ಅಲ್ಮಾಟಿಯಲ್ಲಿ ಬಾಡಿಗೆ ಗಗನಕ್ಕೇರಿ ಸ್ಥಳೀಯರು ಬೈದುಕೊಂಡರು ಎಂಬುದೂ ನಿಜ. ಅದೇ ವರ್ಷ, ಅದೇ ನಗರದಲ್ಲಿ, ಪುಕ್ಕಟೆಯಾಗಿ ಕಜಕ್ ಮಾತಾಡಲು ಕಲಿಸುವ ಕೂಟಗಳೂ ಹುಟ್ಟಿಕೊಂಡವು. ಹುಟ್ಟಾ ಅಲ್ಮಾಟಿಯ ರಷ್ಯನ್ನರು, ನಗರದ ‘ಶಾಲಾ ಕಜಕರು’, ಹೊಸದಾಗಿ ಬಂದವರು ಒಂದೇ ಕೋಣೆಯಲ್ಲಿ ತಪ್ಪುತಪ್ಪಾಗಿ ಕಜಕ್ ಆಡತೊಡಗಿದರು. ಮೂವತ್ತು ವರ್ಷದ ಸರ್ಕಾರಿ ಸುತ್ತೋಲೆಗಳಿಂದ ಆಗದ್ದು ಅದು.

ಇಂಥ ವರ್ಷದ ಅಕ್ಟೋಬರ್‌ನಲ್ಲಿ ಟೊಕಾಯೆವ್ ರಷ್ಯನ್ ಭಾಷೆಗೆ ಅಂತರರಾಷ್ಟ್ರೀಯ ಸಂಘಟನೆ ಬೇಕೆಂದದ್ದು. ಅದಕ್ಕೂ ತಿಂಗಳು ಮೊದಲು, ಸೆಪ್ಟೆಂಬರ್ 5ರಂದು, ರಷ್ಯನ್ ಜಗತ್ತನ್ನು ಕಾಪಾಡುವುದು ನಮ್ಮ ಹೊಣೆ ಎನ್ನುವ ವಿದೇಶ ನೀತಿಯ ದಾಖಲೆಗೆ ಪುಟಿನ್ ಸಹಿ ಹಾಕಿದ್ದರು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಟೊಕಾಯೆವ್ ಅವರ ಪ್ರಸ್ತಾವದಲ್ಲಿ ಓಲೈಕೆಗಿಂತ ಹೆಚ್ಚಿನದು ಕಾಣುತ್ತದೆ. ಸಂಘಟನೆಗೆ ಹಲವು ದೇಶ ಸದಸ್ಯರಾದರೆ ಭಾಷೆಗೆ ಹಲವರು ವಾರಸುದಾರರು. ಇಂಗ್ಲಿಷ್ ಲಂಡನ್ನಿನ ಸ್ವತ್ತಾಗಿ ಉಳಿದಿಲ್ಲ, ಫ್ರೆಂಚ್ ಆಡುವ ದೇಶಗಳಿಗೆ ತಮ್ಮದೇ ಕೂಟವಿದೆ. ರಷ್ಯನ್ ಎಲ್ಲರದೂ ಆದರೆ ಅದನ್ನು ‘ಕಾಪಾಡಲು’ ಮಾಸ್ಕೋದಿಂದ ಟ್ಯಾಂಕು ಬರುವ ಅಗತ್ಯವಿಲ್ಲ. ಈ ಉಪಾಯ ಫಲಿಸುತ್ತದೆಯೇ ಎಂಬ ಅನುಮಾನ ನನಗಿದೆ. ಹಣ, ಪುಸ್ತಕ, ಮೇಷ್ಟರು ಎಲ್ಲ ಮಾಸ್ಕೋದಿಂದಲೇ ಬರುವಾಗ ಯಜಮಾನಿಕೆ ಬೇರೆಯವರ ಕೈಗೆ ಹೋಗುವುದು ಕಷ್ಟ.

ಲಿಪಿಯ ಪಡಿಪಾಟಲು

ಸುಮ್ಮನೆ ಕಾಯುವ ಜಾಣತನ ಕೈಕೊಟ್ಟ ಒಂದೇ ಜಾಗ ಲಿಪಿ. ಕಜಕ್ ಒಂದು ಶತಮಾನದಲ್ಲಿ ಅರಬಿ ಲಿಪಿಯಿಂದ 1929ರಲ್ಲಿ ಲ್ಯಾಟಿನ್‌ಗೆ, 1940ರಲ್ಲಿ ರಷ್ಯನ್ ಬರೆಯುವ ಸಿರಿಲಿಕ್‌ಗೆ ಬದಲಾದ ಭಾಷೆ. ಅಜ್ಜ ಬರೆದದ್ದನ್ನು ಅಪ್ಪ ಓದಲಾರ. ಚೀನಾದ ಶಿನ್‌ಜಿಯಾಂಗ್‌ನ ಕಜಕರು ಈಗಲೂ ಅರಬಿ ಲಿಪಿಯಲ್ಲೇ ಬರೆಯುತ್ತಾರೆ. ಹಾಗಾಗಿ ಅಲ್ಲಿಂದ ಮರಳಿ ಬಂದ ಕಂದಾಸ್ ತಾಯ್ನಾಡಿನ ಬಸ್ಸಿನ ಬೋರ್ಡು ಓದಲು ಹೊಸದಾಗಿ ಅಕ್ಷರಾಭ್ಯಾಸ ಮಾಡಬೇಕು.

2017ರಲ್ಲಿ ನಜರ್‌ಬಯೇವ್ 2025ರೊಳಗೆ ಲ್ಯಾಟಿನ್‌ಗೆ ಹೋಗೋಣ ಎಂದರು. ಜೋಡಿ ಅಕ್ಷರಗಳ ಮೊದಲ ಕರಡಿನಲ್ಲಿ ‘ಸಬೀಜ್’, ಅಂದರೆ ಗಜ್ಜರಿ, ರಷ್ಯನ್‌ನ ಒಂದು ಹೊಲಸು ಬೈಗುಳದಂತೆ ಕಾಣುತ್ತಿತ್ತು. ದೇಶವೇ ನಕ್ಕಿತು. ಅಕ್ಟೋಬರ್‌ನಲ್ಲಿ ಅದನ್ನು ಕೈಬಿಟ್ಟು ಅಕ್ಷರಗಳ ತಲೆಗೆ ಅಪಾಸ್ಟ್ರಫಿ ಅಂಟಿಸಿದರು. ‘ಶಿಯೆ’, ಅಂದರೆ ಚೆರ್ರಿ, ಬರೆಯಲು ಮೂರು ಅಕ್ಷರ, ಎರಡು ಅಪಾಸ್ಟ್ರಫಿ. ಭಾಷಾತಜ್ಞರು ತಲೆ ಚಚ್ಚಿಕೊಂಡ ಮೇಲೆ 2018ರ ಫೆಬ್ರುವರಿಯಲ್ಲಿ ಇನ್ನೊಂದು ಆವೃತ್ತಿ, 2021ರ ಜನವರಿಯಲ್ಲಿ 31 ಅಕ್ಷರಗಳ ಮತ್ತೊಂದು. ಈಗ ಗಡುವು 2031ಕ್ಕೆ ಜಾರಿದೆ. ಅವಸರ ಬೇಡ ಎನ್ನುವುದು ಟೊಕಾಯೆವ್ ಅವರ ಈಚಿನ ಮಾತು. 2024ರ ಸೆಪ್ಟೆಂಬರ್‌ನಲ್ಲಿ ಬಾಕುವಿನಲ್ಲಿ ಸೇರಿದ ತುರ್ಕಿಕ್ ದೇಶಗಳ ಆಯೋಗ 34 ಅಕ್ಷರಗಳ ಸಮಾನ ವರ್ಣಮಾಲೆಗೆ ಒಪ್ಪಿದ್ದರಿಂದ ಲೆಕ್ಕ ಇನ್ನಷ್ಟು ಜಟಿಲವಾಗಿದೆ. ಸಿರಿಲಿಕ್ ಬಿಟ್ಟರೆ ಉತ್ತರಕ್ಕೆ ಸಿಟ್ಟು, ಲ್ಯಾಟಿನ್ ಹಿಡಿದರೆ ಇಸ್ತಾನ್‌ಬುಲ್ ಕಡೆ ವಾಲಿದ ಅಪವಾದ.

ಯುವಕರು ಈ ಜಗಳಕ್ಕೆ ಕಾಯಲಿಲ್ಲ. 2015ರಲ್ಲಿ ಶುರುವಾದ ‘ನೈಂಟಿ ವನ್’ ಎಂಬ ಪಾಪ್ ತಂಡ, ಹೆಸರು ಸ್ವಾತಂತ್ರ್ಯದ ವರ್ಷದ್ದು, ಕಜಕ್‌ನಲ್ಲಿ ಹಾಡುತ್ತದೆ. ಕಿವಿಯೋಲೆ, ಬಣ್ಣದ ಕೂದಲು ನೋಡಿ ಸಂಪ್ರದಾಯಸ್ಥರು 2016ರಲ್ಲಿ ಹಲವೆಡೆ ಕಾರ್ಯಕ್ರಮ ನಿಲ್ಲಿಸಿದರು. ಕಜಕ್ ಹಳ್ಳಿಯ ಭಾಷೆ ಎಂದು ಮೂಗು ಮುರಿಯುತ್ತಿದ್ದ ನಗರದ ಹುಡುಗ ಹುಡುಗಿಯರು ಆ ಹಾಡುಗಳನ್ನು ಬಾಯಿಪಾಠ ಮಾಡಿದರು.

ರಷ್ಯನ್‌ಗೆ ಪೈಪೋಟಿ ಕೊಡುವುದು ಕಜಕ್ ಒಂದೇ ಅಲ್ಲ. ಅಸ್ತಾನಾದ ಅಂತರರಾಷ್ಟ್ರೀಯ ಹಣಕಾಸು ಕೇಂದ್ರ 2018ರಿಂದ ಇಂಗ್ಲಿಷ್ ಕಾನೂನು, ಇಂಗ್ಲಿಷ್ ಭಾಷೆಯಲ್ಲಿ ನಡೆಯುತ್ತದೆ. ಚೀನಾದ ಜತೆ 2023ರ ನವೆಂಬರ್‌ನಿಂದ ಪರಸ್ಪರ ವೀಸಾ ರದ್ದಾಗಿದೆ. ಇತ್ತ ದೇಶದ ಮೊದಲ ಅಣುಸ್ಥಾವರದ ಹೊಣೆ ರಷ್ಯಾದ ರೊಸಾಟಮ್‌ಗೆ ಹೋಗಿದೆ, ಅಂದರೆ ಒಂದು ತಲೆಮಾರಿನ ಎಂಜಿನಿಯರುಗಳು ರಷ್ಯನ್‌ನಲ್ಲೇ ಪಳಗುತ್ತಾರೆ. ಅಲ್ಲಿ ವೈದ್ಯಕೀಯ ಓದುವ ಭಾರತದ ಮಕ್ಕಳು ಪಾಠ ಇಂಗ್ಲಿಷ್‌ನಲ್ಲಿ ಕೇಳಿದರೂ ವಾರ್ಡಿನಲ್ಲಿ ರೋಗಿಗೆ ‘ಎಲ್ಲಿ ನೋವು’ ಎಂದು ಕೇಳಲು ರಷ್ಯನ್ ಕಲಿಯುತ್ತಾರೆ.

ಒಂದು ಊರಿನ ಹೆಸರು

ಉತ್ತರದ ತುದಿಯಲ್ಲಿ ಪೆತ್ರೊಪಾವ್ಲ್ ಇದೆ. ಟ್ರಾನ್ಸ್-ಸೈಬೀರಿಯನ್ ರೈಲಿನ ಒಂದು ಕವಲು ರಷ್ಯಾದ ಕುರ್ಗಾನ್‌ನಿಂದ ಓಮ್ಸ್ಕ್‌ಗೆ ಹೋಗುವಾಗ ಈ ಕಜಕಿಸ್ತಾನದ ಊರನ್ನು ಹಾದುಹೋಗುತ್ತದೆ. ರಷ್ಯನ್ ಹೆಸರು ಪೆತ್ರೊಪಾವ್ಲೊವ್ಸ್ಕ್, ಪೀಟರ್ ಮತ್ತು ಪಾಲ್ ಸಂತರದು. ಕಜಕ್‌ನಲ್ಲಿ ಬಾಲ ಕತ್ತರಿಸಿ ಪೆತ್ರೊಪಾವ್ಲ್ ಎಂದಿಟ್ಟರು. ಇದಕ್ಕೆ ಕಿಜಿಲ್‌ಜಾರ್, ಅಂದರೆ ಕೆಂಪು ದಂಡೆ, ಎಂಬ ಹಳೆಯ ಕಜಕ್ ಹೆಸರೇ ಬರಲಿ ಎಂದು ವರ್ಷಗಟ್ಟಲೆ ಬೇಡಿಕೆಯಿದೆ, ಸಹಿ ಸಂಗ್ರಹ ನಡೆದಿದೆ, ಲೇಖನಗಳು ಬಂದಿವೆ. ರಾಜಧಾನಿಯ ಹೆಸರನ್ನು 2019ರಲ್ಲಿ ನೂರ್-ಸುಲ್ತಾನ್ ಎಂದು ಬದಲಿಸಿ, 2022ರಲ್ಲಿ ಮತ್ತೆ ಅಸ್ತಾನಾ ಮಾಡಿದ ದೇಶ ಇದು. ಈ ಊರಿನ ಹೆಸರಿನ ವಿಚಾರ ಬಂದಾಗ ಮಾತ್ರ ಕಡತ ಮುಂದೆ ಸರಿಯುವುದಿಲ್ಲ. ಊರ ಅಂಚಿನ ಹಳ್ಳಿಗಳಲ್ಲಿ ಶಾಲೆ ಸೇರುವ ಮಕ್ಕಳಲ್ಲಿ ಕಜಕ್ ಹೆಸರಿನವರು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದಾರೆ. ಓಮ್ಸ್ಕ್ ಕಡೆಯ ರೈಲು ಹೊರಡುವುದು ಪೆತ್ರೊಪಾವ್ಲ್ ನಿಲ್ದಾಣದಿಂದಲೇ.